ಗಿಡ್ಡಿಯ ಬಾಲ

ಮಾರ್ಚ್ ೩, ಸೋಮವಾರ

ಬೆಳಗ್ಗೆಯಿಂದ ಈ ರಸ್ತೆಯಲ್ಲಿ ಹೋದ ಮೋಟಾರ್ ಸೈಕಲ್ಲುಗಳಲ್ಲಿ ಒಂದೂ ಅವರದಲ್ಲ. ಕಿಟಕಿಗೆ ಹೋಗಿ ನೋಡಬೇಕಾಗಿಲ್ಲ, ಸದ್ದಿನಲ್ಲೇ ಗೊತ್ತಾಗುತ್ತದೆ. ಎರಡು ವರ್ಷದ ಸಂಸಾರದಲ್ಲಿ ನಾನು ಪಕ್ಕಾ ಕಲಿತ ವಿದ್ಯೆ ಇದೊಂದೇ. ಗಾಡಿ ಓಣಿಯ ತಿರುವಿನಲ್ಲಿರುವಾಗಲೇ ಆ ದಿನ ಅವರ ಮನಸ್ಸು ಹೇಗಿದೆ ಎಂದು ಹೇಳಿಬಿಡುತ್ತಿದ್ದೆ.

ತಿಕೋಟಾಕ್ಕೆ ಬಂದು ಒಂದು ವಾರವಾಯಿತು. ಚಿಗವ್ವನ ಮನೆ ಊರ ಹೊರಗೆ, ಮನೆಗೆ ಅಂಟಿಕೊಂಡೇ ಅವಳ ಒಣದ್ರಾಕ್ಷಿಯ ಶೆಡ್ಡು. ಇಲ್ಲಿಯವರ ಬಾಯಲ್ಲಿ ಒಣದ್ರಾಕ್ಷಿ ಎಂದರೆ ಮಣೂಕ. ಸುಗ್ಗಿ ಈಗ. ಹೆಂಗಸರು ಬೆಳಗ್ಗೆ ಬಂದು ತಾಡಪತ್ರಿಯ ಮೇಲೆ ಕೂತರೆಂದರೆ ಸಂಜೆಯವರೆಗೆ ಮಣೂಕದ ತೊಟ್ಟು ಬಿಡಿಸುತ್ತ, ಹಣ್ಣು ಆರಿಸುತ್ತ, ಲೋಕದ ಸುದ್ದಿಯನ್ನೆಲ್ಲ ಅರೆಯುತ್ತಾರೆ. ಗೋಡೆಯ ಈಚೆ ನಾನು ಕದ ಹಾಕಿಕೊಂಡು ಕೂತಿರುತ್ತೇನೆ. ನಾನು ಪರೀಕ್ಷೆಗೆ ಓದಲು ಬಂದ ಹುಡುಗಿಯಂತೆ. ಚಿಗವ್ವ ಹಾಗೆ ಹೇಳಿದ್ದಾಳೆ. ಮೂವತ್ತು ವರ್ಷದ ಹುಡುಗಿ.

ಅವ್ವ ಹೋದ ಮೇಲೆ ನನ್ನ ತಲೆ ಬಾಚಿದವಳು ಅವ್ವನ ಈ ತಂಗಿಯೇ. ಬಂದ ದಿನ ನನ್ನ ಎಡಗೈಯ ಪಟ್ಟಿ ಬಿಚ್ಚಿ ಎರಡು ಬೆರಳು ನೋಡಿದಳು. "ಬಾಗಲದಾಗ ಸಿಕ್ಕಿದ್ದೂ ಚಿಗವ್ವಾ" ಎಂದೆ.

"ಬಾಗಲಾ ತಾನ ಮುಚ್ಚಿಕೊಂಡಿತ್ತೇನು?" ಎಂದಳು. ನಾನು ಪಟ್ಟಿಯನ್ನು ಮತ್ತೆ ಸುತ್ತಿಕೊಂಡೆ. ಅವಳು ತುದಿಗೆ ಗಂಟು ಹಾಕಿ ಕೊಟ್ಟಳು.

ಪುಣೆಗೆ ಹೋಗುವಂತಿಲ್ಲ. ಕಳೆದ ಸಲ ಮುನಿಸಿಕೊಂಡು ಹೋದಾಗ ಅವರು ನಾನು ಸಂಶೋಧನೆ ಮಾಡುವ ಸಂಸ್ಥೆಯ ಗೇಟಿನೆದುರು ಇಡೀ ದಿನ ಕೂತಿದ್ದರು, ಕೈಯಲ್ಲಿ ಹೂವು ಹಿಡಿದುಕೊಂಡು. ಎಲ್ಲರೂ ಎಷ್ಟು ಪ್ರೀತಿ ಎಂದರು. ಅಪ್ಪನ ಹತ್ತಿರವೂ ಹೋಗುವಂತಿಲ್ಲ. ವಿಜಯಪುರದ ಗಾಂಧಿ ಚೌಕದಲ್ಲಿ ಅಪ್ಪನ ಭಾಂಡೆ-ಪಾತ್ರೆಯ ಅಂಗಡಿ, ಅಲ್ಲಿಗೆ ಹೋದರೆ ಚಹಾ ಕುಡಿಸಿ, ಬುದ್ಧಿ ಹೇಳಿ, ಆಟೋ ಹತ್ತಿಸಿ ವಾಪಸ್ ಕಳಿಸುತ್ತಾನೆ. ಬಬಲೇಶ್ವರದ ಒಳ್ಳೆಯ ಮನೆತನ, ಬಂಗಾರದಂಥ ಅಳಿಯ. ಹಾಗಾಗಿ ನಾನು ಎಲ್ಲಿದ್ದೇನೆಂದು ಯಾರಿಗೂ ತಿಳಿಯಬಾರದು. ಸಿಮ್ ತೆಗೆದಿಟ್ಟಿದ್ದೇನೆ.

ಓಡಿ ಬರುವಾಗ ಸೀರೆ ತರಲಿಲ್ಲ, ಬಂಗಾರ ತರಲಿಲ್ಲ, ಲ್ಯಾಪ್‌ಟಾಪ್ ತಂದೆ. ಅದರಲ್ಲಿ ಗಿಡ್ಡಿ ಇದ್ದಾಳೆ.

ಮಾರ್ಚ್ ೫, ಬುಧವಾರ

ಇವತ್ತು ಚಿಗವ್ವ ರೊಟ್ಟಿ ಬಡಿಯುತ್ತ ಕೇಳಿದಳು, "ಗಿಡ್ಡಿ ಅಂದ್ರ ಯಾರ ಬೇ? ಒಬ್ಬಾಕೀನ ಕೂತು ಗಿಡ್ಡಿ ಗಿಡ್ಡಿ ಅಂತ ಮಾತಾಡ್ತಿ."

ಗಿಡ್ಡಿಗೆ ಹೆಸರಿಲ್ಲ, ಉದ್ದನೆಯ ನಂಬರು ಇದೆ. ಕುಬ್ಜ ಗ್ಯಾಲಕ್ಸಿ. ನಮ್ಮ ಆಕಾಶಗಂಗೆ ರೊಟ್ಟಿಯಾದರೆ ಅವಳು ಪಕ್ಕದಲ್ಲಿ ಉದುರಿದ ಹಿಟ್ಟು. ಬೆಳಕಿನಲ್ಲಿ ನೋಡಿದರೆ ಒಂದು ಮಸುಕು ಕಲೆ, ಬೇರೇನೂ ವಿಶೇಷವಿಲ್ಲ. ಆದರೆ ಅವಳ ನಕ್ಷತ್ರಗಳನ್ನು ದಾಟಿ ಬಹಳ ದೂರದವರೆಗೆ ಹೈಡ್ರೋಜನ್ ಅನಿಲ ಹರಡಿಕೊಂಡಿದೆ. ವಿದ್ಯುದಂಶವಿಲ್ಲದ ತಟಸ್ಥ ಹೈಡ್ರೋಜನ್, ತಣ್ಣಗಿನದು, ಕಣ್ಣಿಗೆ ಕಾಣದ್ದು. ಇಪ್ಪತ್ತೊಂದು ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯಲ್ಲಿ ಮಾತ್ರ ತಾನಿದ್ದೇನೆ ಎನ್ನುತ್ತದೆ. ಪುಣೆಯ ಆಚೆ ಬಯಲಿನಲ್ಲಿ ಸಾಲಾಗಿ ನಿಂತ ದೊಡ್ಡ ದೊಡ್ಡ ಆಂಟೆನಾ ಬುಟ್ಟಿಗಳು ಅದನ್ನು ಕೇಳಿಸಿಕೊಳ್ಳುತ್ತವೆ.

ಯಾರಾದರೂ ಪಕ್ಕದಲ್ಲಿ ಹಾದುಹೋದರೆ ನಕ್ಷತ್ರಗಳು ಅಷ್ಟು ಬೇಗ ಜಗ್ಗುವುದಿಲ್ಲ. ಅಂಚಿನ ಅನಿಲ ಹಾಗಲ್ಲ, ಅದನ್ನು ಹಿಡಿದುಕೊಂಡ ಕೈ ಸಡಿಲ. ಎಳೆದತ್ತ ಬಾಲದಂತೆ ಹಿಂಜಿಕೊಳ್ಳುತ್ತದೆ, ಕೋಟಿಗಟ್ಟಲೆ ವರ್ಷ ಹಾಗೇ ಉಳಿಯುತ್ತದೆ. ಸುಮ್ಮನೆ ಒಬ್ಬಳೇ ಕೂತಂತೆ ಕಾಣುವ ಗಿಡ್ಡಿಯ ಹತ್ತಿರ ಹಿಂದೆ ಯಾರಾದರೂ ಬಂದು ಹೋಗಿದ್ದರೋ ಇಲ್ಲವೋ? ನನ್ನ ಪಿಎಚ್‌ಡಿಯ ಕೊನೆಯ ಅಧ್ಯಾಯವೆಂದರೆ ಈ ಒಂದು ಪ್ರಶ್ನೆ.

ಇಷ್ಟನ್ನು ಚಿಗವ್ವನಿಗೆ ಹೇಳಿದೆ. ರೊಟ್ಟಿ ತಿರುವಿ ಹಾಕಿ, "ಬಂದಿರ್ತಾರ ತಗೋ" ಎಂದಳು. "ಯಾರೂ ಬಾರದಂಥ ಮನಿ ಎಲ್ಲೈತಿ?"

ಮಾರ್ಚ್ ೭, ಶುಕ್ರವಾರ

ಚಿತ್ರ ಬಂತು. ಗಿಡ್ಡಿ ದುಂಡಗಿದ್ದಾಳೆ. ಅನಿಲ ಒಂದೇ ಸಮ, ಶಾಂತವಾಗಿ ಸುತ್ತುತ್ತಿದೆ. ಬಾಲವಿಲ್ಲ, ಗೀಟಿಲ್ಲ, ಯಾರೂ ಬಂದಿಲ್ಲ. ತಿಂಗಳಾದ ಮೇಲೆ ಇವತ್ತು ಎರಡು ರೊಟ್ಟಿ ಉಂಡೆ.

ಆಂಟೆನಾಗಳನ್ನು ಎರಡೆರಡು ಜೋಡಿಸಿ ನಾವು ಕೇಳುತ್ತೇವೆ. ದೂರದೂರದ ಜೋಡಿಗಳದು ಸ್ವಚ್ಛ. ಹತ್ತಿರಹತ್ತಿರ ನಿಂತ ಜೋಡಿಗಳದು ದೊಡ್ಡ ತಲೆನೋವು. ಮೊಬೈಲು, ಕರೆಂಟಿನ ತಂತಿ, ಯಾರದೋ ಮೋಟಾರು, ಎಲ್ಲ ಗದ್ದಲವೂ ಮೊದಲು ಅವಕ್ಕೇ ತಾಗುತ್ತದೆ. ಹಾಳು ಸದ್ದನ್ನು ಹುಡುಕಿ ತೆಗೆಯುವುದೇ ನಮ್ಮ ಅರ್ಧ ಕೆಲಸ. ಈ ಸಲ ನಾನು ಹುಡುಕುತ್ತ ಕೂರಲಿಲ್ಲ. ಹತ್ತಿರದ ಜೋಡಿಗಳನ್ನೆಲ್ಲ ಒಟ್ಟಿಗೆ ಕಿತ್ತು ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಜಾಗವೂ ಇರಲಿಲ್ಲ, ಅಳಿಸಿಯೇಬಿಟ್ಟೆ. ಪೀಡೆ ಕಳೆಯಿತು.

ಪುಣೆಯಲ್ಲಿರುವ ನನ್ನ ಗೈಡ್ ಅನುರಾಧಾ ಮೇಡಂಗೆ ಚಿಗವ್ವನ ಫೋನಿನಿಂದ ಚಿತ್ರ ಕಳಿಸಿದೆ, ನಾನು ಇಲ್ಲಿರುವುದು ಅವರೊಬ್ಬರಿಗೆ ಗೊತ್ತು. ಗಿಡ್ಡಿ ಒಂಟಿ, ಒಂಟಿಯಾಗಿಯೇ ಸುಖವಾಗಿದ್ದಾಳೆ ಎಂದು ಬರೆಯಬೇಕೆನಿಸಿತು. ಮೊದಲರ್ಧ ಮಾತ್ರ ಬರೆದೆ.

ಮಾರ್ಚ್ ೧೦, ಸೋಮವಾರ

ಅಪ್ಪ ಚಿಗವ್ವನಿಗೆ ಫೋನ್ ಮಾಡಿದ್ದ. ಅವಳು ಸ್ಪೀಕರ್ ಹಾಕಿದ್ದಳು, ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

ಅವರು ದಿನಾ ಸಂಜೆ ಆಫೀಸು ಬಿಟ್ಟ ಮೇಲೆ ಅಂಗಡಿಗೆ ಬರುತ್ತಾರಂತೆ. ಗಾದಿಯ ಮೇಲೆ ಅಪ್ಪನ ಪಕ್ಕ ಕೂತು, ಗಿರಾಕಿಗಳ ಎದುರೇ ಕಣ್ಣೀರು ಹಾಕುತ್ತಾರಂತೆ. ನನ್ನ ಹೆಂಡತಿಯನ್ನು ಹುಡುಕಿ ಕೊಡ್ರಿ ಮಾಮಾ, ನಾ ಏನೂ ಅನ್ನಂಗಿಲ್ಲ ಅನ್ನುತ್ತಾರಂತೆ. ಚೌಕದವರೆಲ್ಲ ಅಪ್ಪನಿಗೆ, ಶಿವಾನಂದಪ್ಪಾ, ನಿನ್ನ ಮಗಳಿಗೆ ಓದು ತಲೆಗೇರೇತಿ ನೋಡು ಎನ್ನುತ್ತಿದ್ದಾರಂತೆ.

"ನಿನ್ನ ಕಡೆ ಬಂದಾಳೇನು ಗುರುಬಸೂ? ಖರೇ ಹೇಳು."

"ಇಲ್ರಿ ಮಾವಾ" ಎಂದಳು ಚಿಗವ್ವ. ಫೋನ್ ಇಟ್ಟು, ಲಿಂಗ ಹಿಡಿದುಕೊಂಡು, ತಪ್ಪಾತು ಎಂದು ಕಣ್ಣು ಮುಚ್ಚಿ ನಿಂತಳು. ನನ್ನಿಂದಾಗಿ ಈ ಮುದುಕಿ ಸುಳ್ಳು ಹೇಳುವಂತಾಯಿತು. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಅವರು ಕೂಗುವವರಲ್ಲ. ಅದೇ ನನಗೆ ಹೆದರಿಕೆ. ಕೂಗಿದ್ದರೆ ನೆರೆಮನೆಗಾದರೂ ಕೇಳುತ್ತಿತ್ತು. ಪುಣೆಯಿಂದ ಫೋನ್ ಬಂದರೆ ಯಾರು, ಏನು, ನಗು ಯಾಕೆ ಬಂತು, ಎಲ್ಲ ಮೆಲ್ಲಗೆ ಕೇಳುತ್ತಾರೆ. ಧ್ವನಿ ಮೆತ್ತಗಾದಷ್ಟೂ ನಾನು ಗೋಡೆಗೆ ಸರಿಯುತ್ತಿದ್ದೆ. ಅವತ್ತೂ ಮೆಲ್ಲಗೇ ಹೇಳಿದರು, ಕೈ ಅಲ್ಲೇ ಇಡು ಎಂದು.

ಮಾರ್ಚ್ ೧೨, ಬುಧವಾರ

ನಾಚಿಕೆ. ಮಧ್ಯಾಹ್ನ ಅಂಗಳಕ್ಕೆ ನೀರಿಗೆ ಹೋಗಿದ್ದೆ. ಮೋಟಾರ್ ಸೈಕಲ್ ಒಂದು ಸೀದಾ ಗೇಟಿನೊಳಗೇ ಬಂತು. ಸದ್ದು ಅದೇ. ಕೊಡ ಬಿಟ್ಟು ಓಡಿ ಶೆಡ್ಡಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕ್ರೇಟುಗಳ ಹಿಂದೆ ಕುಕ್ಕರಿಸಿದೆ. ಬಾಯಿಗೆ ಸೆರಗು ತುರುಕಿಕೊಂಡಿದ್ದೆ. ಬಂದವನು ಒಣಗಿಸುವ ಮೊದಲು ದ್ರಾಕ್ಷಿ ಅದ್ದುವ ಎಣ್ಣೆ ಮಾರುವವ. ಚಿಗವ್ವನ ಹತ್ತಿರ ರೇಟಿಗೆ ಜಗಳಾಡಿ, ಚಹಾ ಕುಡಿದು ಹೋದ.

ಎದ್ದು ನೋಡಿದರೆ ಕೆಲಸದ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಗುಲಶನ ಎನ್ನುವವಳು ನನ್ನ ತಲೆಯಿಂದ ಜೇಡರ ಬಲೆ ತೆಗೆದು, "ಕೂಡ್ರಿ ಅಕ್ಕಾರ, ನೀರ ಕುಡೀರಿ" ಎಂದಳು.

ಇನ್ನು ಮುಗಿಯಿತು. ಎಂಟು ಬಾಯಿ, ಎಂಟು ಊರು. ಕನಮಡಿಯಿಂದ ಬಸ್ಸಿನಲ್ಲಿ ಬರುವ ಸಖೂಬಾಯಿಯಂತೂ ನಡೆದಾಡುವ ರೇಡಿಯೋ. ನಾಳೆಯೊಳಗೆ ವಿಜಯಪುರದ ತನಕ ಸುದ್ದಿ.

ಮಾರ್ಚ್ ೧೩, ಗುರುವಾರ

ಗುಲಶನ ಇವತ್ತು ತನ್ನ ಜಾಗ ಬದಲಿಸಿದ್ದಾಳೆ. ಫ್ಯಾನಿನ ಕೆಳಗಿನ ಜಾಗ ಬಿಟ್ಟು ಗೇಟಿನ ಹತ್ತಿರ ಬಿಸಿಲು ಬೀಳುವಲ್ಲಿ ಕೂತಿದ್ದಾಳೆ. ಯಾಕೆ ಎಂದು ಚಿಗವ್ವ ಕೇಳಿದ್ದಕ್ಕೆ, "ಅಲ್ಲಿ ಗಾಳಿ ಭಾಳ ಆತ್ರಿ" ಎಂದಳಂತೆ. ಮಾರ್ಚ್ ತಿಂಗಳಲ್ಲಿ ಯಾರಿಗೆ ಗಾಳಿ ಹೆಚ್ಚಾಗುತ್ತದೋ ನಾನು ಕಾಣೆ.

ಮಾರ್ಚ್ ೧೭, ಸೋಮವಾರ

ಮೇಡಂ ಚಿಗವ್ವನ ಫೋನಿಗೆ ಕರೆ ಮಾಡಿದರು. ಧಾರವಾಡದವರು, ಬೈಯುವಾಗಲೂ ಸಕ್ಕರೆ ಹಾಕಿಯೇ ಬೈಯುತ್ತಾರೆ.

"ಸ್ನೇಹಲ, ಚಿತ್ರ ಭಾಳ ಚಂದ ಐತಿ. ಇಷ್ಟ ಚಂದ ಇರಬಾರದು. ಹತ್ತಿರದ ಜೋಡಿಗಳು ಎಲ್ಲಿ ಹೋದ್ವು?"

"ಬರೇ ಗದ್ದಲ ಇತ್ರಿ ಮೇಡಂ. ತಗದೆ."

"ಎಲ್ಲಾನೂ?"

"ಹೂಂ ರಿ."

ಆಮೇಲೆ ಮೊದಲನೇ ವರ್ಷದ ಹುಡುಗಿಗೆ ಹೇಳಿದಂತೆ ಹೇಳಿದರು. ದೂರದ ಜೋಡಿಗಳು ಸಣ್ಣ ಸಣ್ಣ ವಿವರ ನೋಡುತ್ತವೆ. ಅಗಲಕ್ಕೆ ಹರಡಿದ ತೆಳ್ಳನೆಯ ಅನಿಲ ಅವಕ್ಕೆ ಕಾಣುವುದೇ ಇಲ್ಲ, ಅದು ಕಾಣುವುದು ಹತ್ತಿರದವಕ್ಕೆ ಮಾತ್ರ. ಬಾಲ ಇದ್ದರೆ ಅವುಗಳಲ್ಲೇ ಇರುತ್ತದೆ. ನನಗೆ ಇದು ಗೊತ್ತಿಲ್ಲದ ವಿಷಯವಲ್ಲ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇನೆ. ಗದ್ದಲಕ್ಕೆ ಹೆದರಿ ಕಿವಿಯನ್ನೇ ಕೊಯ್ದುಕೊಂಡಿದ್ದೇನೆ, ಅಷ್ಟೇ.

"ಮೂಲ ಮಾಹಿತಿ ಇಲ್ಲಿ ಐತಿ. ನಿಮ್ಮೂರ ನೆಟ್‌ನ್ಯಾಗ ಅದು ಇಳಿಯಂಗಿಲ್ಲ. ಡಿಸ್ಕಿಗೆ ಹಾಕಿ ಕೊರಿಯರ್ ಮಾಡ್ತೇನಿ. ಒಂದೊಂದ ಬಿಡಿಸಿ ನೋಡು. ಯಾವುದು ಗದ್ದಲ, ಯಾವುದು ಅಲ್ಲ ಅಂತ."

ಕೊರಿಯರ್ ತಿಕೋಟಾಕ್ಕೆ ಬರುವುದಿಲ್ಲ. ವಿಜಯಪುರದ ಆಫೀಸಿಗೆ ಬರುತ್ತದೆ, ಗಾಂಧಿ ಚೌಕದ ಹಿಂದಿನ ಓಣಿಗೆ. ಗುರುತಿನ ಚೀಟಿ ತೋರಿಸಿ ನಾನೇ ಬಿಡಿಸಿಕೊಳ್ಳಬೇಕು. ಬೇಡ ಮೇಡಂ ಎನ್ನಬೇಕೆಂದು ಬಾಯಿ ತೆರೆದೆ. ಆಗಲಿ ರಿ ಎಂದುಬಿಟ್ಟೆ.

ಮಾರ್ಚ್ ೨೦, ಗುರುವಾರ

ಹೋಗಿ ಬಂದೆ. ಜೀವ ಇದೆ. ಮೊದಲು ಅದನ್ನು ಬರೆದುಕೊಳ್ಳಬೇಕು.

ಬಳೆ ಕೊಳ್ಳುವುದಿದೆ ಎಂದು ಗುಲಶನ ಜೊತೆಗೆ ಹೊರಟಳು. ಬಳೆ ನೆಪ ಎಂದು ಇಬ್ಬರಿಗೂ ಗೊತ್ತಿತ್ತು. ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡೆ. ಬಿಸಿಲಿಗೆ ಎಲ್ಲ ಹುಡುಗಿಯರೂ ಹಾಗೇ ಸುತ್ತಿಕೊಳ್ಳುತ್ತಾರೆ. ಬಸ್ಸಿನಲ್ಲಿ ಕಿಟಕಿಯ ಕಡೆ ಅವಳು ಕೂತಳು. ಗೋಳಗುಮ್ಮಟದ ಬೋಳು ತಲೆ ದೂರದಲ್ಲಿ ಕಂಡದ್ದೇ ಸ್ಕಾರ್ಫಿನ ಗಂಟು ಇನ್ನಷ್ಟು ಬಿಗಿದೆ. ಹುಟ್ಟಿ ಬೆಳೆದ ಊರು, ಅದನ್ನು ಕಂಡು ಮುಖ ಮುಚ್ಚಿಕೊಳ್ಳುವಂತಾಯಿತಲ್ಲ.

ಚೌಕದಲ್ಲಿ ಬಿಳಿ ಅಂಗಿಯವರೆಲ್ಲ ಅವರೇ. ಹಣ್ಣು ಆರಿಸುತ್ತಿದ್ದವನ ಬೆನ್ನು ಅವರದು, ಆಟೋದಿಂದ ಇಣುಕಿದ ಕೈ ಅವರದು. ಕೊರಿಯರ್ ಆಫೀಸಿನಲ್ಲಿ ಹುಡುಗ ನನ್ನ ಹೆಸರನ್ನು ಜೋರಾಗಿ ಓದಿದ. ಕೆಳಗೆ ಕೂತುಬಿಡುತ್ತಿದ್ದೆ, ಗುಲಶನ ಮೊಳಕೈ ಹಿಡಿದಿದ್ದಳು. ಡಿಸ್ಕು ಅಂಗೈಯಷ್ಟಿದೆ. ಅದನ್ನು ರವಿಕೆಯೊಳಗೆ ಇಟ್ಟುಕೊಂಡೆ.

ವಾಪಸ್ ಬರುವಾಗ ಎದುರಿಗೆ ಮುತ್ತು. ಅಪ್ಪನ ಅಂಗಡಿಯಲ್ಲಿ ಹದಿನೈದು ವರ್ಷದಿಂದ ಇರುವ ಆಳು, ತಲೆಯ ಮೇಲೆ ಹಂಡೆ ಹೊತ್ತಿದ್ದ. ಮುಖ ಕಾಣದಿದ್ದರೂ ನನ್ನ ನಡಿಗೆ ಕಂಡು ನಿಂತ.

"ಸ್ನೇಹಲಕ್ಕಾರ ಏನ್ರಿ?"

ಗುಲಶನ ತಿರುಗಿ, "ಯಾವ ಸ್ನೇಹಲಪಾ? ಈಕಿ ನಮ್ಮ ತಂಗಿ ಜೀನತ. ಹೆಂಗಸೂರ ಹಾದಿ ಕಟ್ಟತೀಯೇನು?" ಎಂದು ಗದರಿದಳು. ಅವನು ಹಂಡೆ ಸಮೇತ ಸರಿದು ನಿಂತ. ಆದರೆ ನಾವು ಓಣಿ ತಿರುಗುವವರೆಗೂ ನೋಡುತ್ತಲೇ ಇದ್ದ.

ಬಳೆ ಕೊಳ್ಳುವುದನ್ನು ಮರೆತೇಬಿಟ್ಟೆವು.

ಮಾರ್ಚ್ ೨೧

ಮುತ್ತು ಹೇಳಿರುತ್ತಾನೆ. ಹೇಳಿರುವುದಿಲ್ಲ. ಹೇಳಿರುತ್ತಾನೆ. ಊಟ ಸೇರಲಿಲ್ಲ.

ಮಾರ್ಚ್ ೨೫, ಮಂಗಳವಾರ

ಹಗಲು ಮನೆಯಲ್ಲಿ ಕರೆಂಟಿಲ್ಲ. ಶೆಡ್ಡಿನಲ್ಲಿ ಫ್ಯಾನಿಗೆಂದು ಚಿಗವ್ವ ಇನ್ವರ್ಟರ್ ಹಾಕಿಸಿದ್ದಾಳೆ. ಡಿಸ್ಕಿನ ಕೆಲಸ ನಿಲ್ಲಬಾರದೆಂದು ನಾಲ್ಕು ದಿನದಿಂದ ಅಲ್ಲೇ ಕೂರುತ್ತಿದ್ದೇನೆ. ಅಲ್ಲಿಂದ ರಸ್ತೆಯೂ ಕಾಣುತ್ತದೆ. ಬರುವವನಾದರೆ ದೂರದಿಂದಲೇ ಕಾಣಲಿ.

ಒಂದೊಂದು ಜೋಡಿ, ಒಂದೊಂದು ನಿಮಿಷದ ಮಾಹಿತಿ ತೆರೆದು ನೋಡಬೇಕು. ಕಡ್ಡಿಯಂತೆ ನೆಟ್ಟಗೆ ಎದ್ದು ನಿಂತದ್ದು ಮೊಬೈಲಿನ ಸದ್ದು, ಅದನ್ನು ತೆಗೆ. ಮೆಲ್ಲಗೆ ಉಬ್ಬಿ ಇಳಿದದ್ದು ಗಿಡ್ಡಿಯದಿರಬಹುದು, ಇರಲಿ ಬಿಡು. ಎಡಗೈಯ ಎರಡು ಬೆರಳು ಇನ್ನೂ ನೆಟ್ಟಗಾಗುವುದಿಲ್ಲ, ಕೀಲಿಮಣೆಯ ಮೇಲೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತವೆ. ಕೆಲಸ ನಿಧಾನ. ಕಂಪ್ಯೂಟರು ಲೆಕ್ಕ ಹಾಕುವಾಗ ಸುಮ್ಮನೆ ಕೂರಲಾಗದೆ ಇವರ ಮಣೂಕಕ್ಕೂ ಕೈ ಹಾಕುತ್ತೇನೆ. ತೊಟ್ಟು ಬಿಡಿಸುವುದು ನನಗೆ ಬರುವುದಿಲ್ಲವೆಂದು ಅವರಲ್ಲಿ ಎಲ್ಲರಿಗಿಂತ ಸಣ್ಣವಳಾದ ಕಾವ್ಯಾ ದಿನಾ ನಗುತ್ತಾಳೆ.

ಸಖೂಬಾಯಿಗೆ ಗಿಡ್ಡಿಯ ಚಿಂತೆ ಹತ್ತಿದೆ.

"ಅಲ್ಲವ್ವಾ, ಆ ಗಿಡ್ಡಿಗೆ ಗಂಡ ಇಲ್ಲೇನು?"

"ಗ್ಯಾಲಕ್ಸಿಗೆ ಗಂಡ ಎಲ್ಲಿಂದ ಬರ್ಬೇಕ್ರಿ ಸಖೂಬಾಯಿ?"

"ಪುಣ್ಯಾ ಮಾಡ್ಯಾಳ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಬಾಯಿಗೆ ಕೈ ಅಡ್ಡ ಹಿಡಿಯದೆ. ಆಮೇಲೆ ರಸ್ತೆ ನೋಡಿದೆ. ಯಾರೂ ಇರಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಬಾಲ ಇದೆ.

ಮೊದಲು ಪರದೆಯ ಕಲೆ ಎಂದುಕೊಂಡು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಎಲ್ಲ ಲೆಕ್ಕವನ್ನೂ ಮತ್ತೆ ಮಾಡಿದೆ, ಬೇರೆ ದಾರಿಯಿಂದ ಮಾಡಿದೆ. ಗಿಡ್ಡಿಯ ಒಂದು ಮಗ್ಗುಲಿಂದ ತೆಳ್ಳಗೆ, ಬಹಳ ತೆಳ್ಳಗೆ, ಅವಳ ಮೈಗಿಂತ ಉದ್ದಕ್ಕೆ ಅನಿಲ ಜಗ್ಗಿಕೊಂಡಿದೆ. ಆ ದಿಕ್ಕಿನಲ್ಲೇ ದೂರದಲ್ಲಿ ಇನ್ನೊಂದು ಗ್ಯಾಲಕ್ಸಿ ಇದೆ, ಅದರ ವೇಗವೂ ಬಾಲದ ತುದಿಯ ವೇಗವೂ ಹೊಂದುತ್ತವೆ. ಯಾವಾಗಲೋ ಅದು ಇವಳ ತೀರ ಹತ್ತಿರ ಹಾದು ಹೋಗಿದೆ. ನಾನು ದುಂಡಗೆ ಚಂದಗೆ ಬರೆದು ಕಳಿಸಿದ್ದೆನಲ್ಲ, ಆ ಗಿಡ್ಡಿ ಸುಳ್ಳು.

ಅತ್ತುಬಿಟ್ಟೆ. ಕೆಲಸ ಕೈಗೂಡಿದ ಖುಷಿಗೆ ಅಲ್ಲ, ಹೆದರಿಕೆಗೆ. ಇಷ್ಟು ದೂರದ, ಇಷ್ಟು ಹಳೆಯ ಗುರುತನ್ನೂ ಯಾರೋ ಒಬ್ಬರು ಒಂದು ದಿನ ಕೂತು ಓದಬಹುದು ಎನ್ನುವುದು ನನಗೆ ಯಾಕೋ ತಡೆಯಲಾಗಲಿಲ್ಲ. ಸಖೂಬಾಯಿ ಎದ್ದು ಬಂದು ಪರದೆ ನೋಡಿ, "ಏನಾತ? ಗಿಡ್ಡಿ ಸತ್ಲೇನು?" ಎಂದಳು.

"ಇಲ್ರಿ. ಯಾರೋ ಜಗ್ಗ್ಯಾರ."

"ಸತ್ತಿಲ್ಲಲ್ಲ ಮತ್ತ?"

ಸತ್ತಿಲ್ಲ. ಅನಿಲದ ಬಹುಪಾಲು ಇನ್ನೂ ಅವಳ ಹತ್ತಿರವೇ ಇದೆ. ಬಾಲದ ಬುಡದಲ್ಲಿ ಸ್ವಲ್ಪ ವಾಪಸ್ ಅವಳ ಕಡೆಗೇ ಇಳಿಯುತ್ತಿರುವಂತಿದೆ, ಇನ್ನೂ ಖಾತ್ರಿ ಮಾಡಬೇಕು.

ಮಾರ್ಚ್ ೩೦, ಯುಗಾದಿ

ಅಪ್ಪನ ಫೋನ್. ಮುತ್ತು ಹೇಳಿದ್ದಾನೆ. ಚಿಗವ್ವ ಈ ಸಲ ಸುಳ್ಳು ಹೇಳಲಿಲ್ಲ. "ಹೌದ್ರಿ, ನನ್ನ ಕಡೆ ಅದಾಳ. ನೀವ ಒಬ್ಬರ ಬರ್ರಿ" ಎಂದಳು. ಒಬ್ಬನೇ ಬರುತ್ತೇನೆಂದು ಅಪ್ಪ ಮಾತು ಕೊಟ್ಟನಂತೆ.

ಹೋಳಿಗೆ ತಾಟಿನಲ್ಲೇ ಉಳಿಯಿತು. ಎರಡು ಅಂಗಿಯನ್ನು ಚೀಲಕ್ಕೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಎಲ್ಲಿಗೆ ಹೋಗಲಿ?

ಏಪ್ರಿಲ್ ೨, ಬುಧವಾರ

ಎಲ್ಲವನ್ನೂ ಇವತ್ತೇ ಬರೆಯಬೇಕು, ನಾಳೆ ನಾನೇ ನಂಬಲಾರೆ.

ಕಾರಿನಲ್ಲಿ ಬಂದರು. ತಿಂಗಳಿಡೀ ಮೋಟಾರ್ ಸೈಕಲ್ಲಿಗೆ ಕಿವಿ ಇಟ್ಟವಳು ಕಾರಿನ ಸದ್ದಿಗೆ ತಲೆಯನ್ನೇ ಎತ್ತಲಿಲ್ಲ. ಶೆಡ್ಡಿನಲ್ಲಿ ಎಲ್ಲರ ಜೊತೆ ಮಣೂಕ ಬಿಡಿಸುತ್ತ ಕೂತಿದ್ದೆ. ಗುಲಶನ ಗೇಟಿನಿಂದ ಬೇಗ ಬೇಗ ಬಂದು ನನ್ನ ಪಕ್ಕ ಒತ್ತಿ ಕೂತಳು. "ಇಬ್ಬರು ಬಂದಾರ" ಎಂದಳು, ಅಷ್ಟೇ.

ಅಪ್ಪನ ಕೈಯಲ್ಲಿ ದೊಡ್ಡ ಸ್ಟೀಲ್ ತಾಟು. ಅದರಲ್ಲಿ ಹಸಿರು ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು. ಹಿಂದೆ ನನ್ನ ಗಂಡ ಸಿದ್ದರಾಮ. ಬಿಳಿ ಅಂಗಿ, ಹಣೆಗೆ ವಿಭೂತಿ, ಅದೇ ನಗು.

ಅಪ್ಪ ನನ್ನ ಕಣ್ಣು ತಪ್ಪಿಸಿ ಚಿಗವ್ವನಿಗೆ ಹೇಳಿದ. "ಅಳಿಯಾರು ಭಾಳ ನೊಂದಾರ. ತಪ್ಪಾತು ಅಂತ ನನ್ನ ಕಾಲ ಮುಟ್ಟ್ಯಾರ. ಹಬ್ಬಾ ಆತು. ಉಡಿ ತುಂಬಿ ಕಳಿಸಿ ಕೊಡೂಣು."

ಇದು ಯಾರ ಉಪಾಯ ಎಂದು ತಾಟು ನೋಡಿದಾಗಲೇ ತಿಳಿಯಿತು. ಮಡಿಲಿಗೆ ಇವನ್ನೆಲ್ಲ ಹಾಕಿಸಿಕೊಂಡು ಉಡಿ ತುಂಬಿಸಿಕೊಂಡ ಹೆಣ್ಣು ಹೊಸ್ತಿಲು ದಾಟಿ ಗಂಡನ ಮನೆಗೆ ಹೋಗಲೇಬೇಕು, ತುಂಬಿದ ಉಡಿ ಬಿಚ್ಚಿ ಒಲ್ಲೆ ಎಂದವಳು ನಮ್ಮಲ್ಲಿ ಯಾರೂ ಇಲ್ಲ. ನಾಲ್ಕು ಜನರೆದುರು ನನಗೆ ಬಾಯಿ ಬರುವುದಿಲ್ಲವೆಂದು ಸಿದ್ದರಾಮನಿಗೆ ಚೆನ್ನಾಗಿ ಗೊತ್ತು. ಎದ್ದು ನಿಂತೆ. ನಿಜ ಹೇಳುತ್ತೇನೆ, ಸೆರಗು ಮುಂದೆ ತಂದು ಉಡಿ ಒಡ್ಡಲೆಂದೇ ಎದ್ದೆ. ಹೆದರಿಕೆಗೆ ಮೈ ತಾನೇ ಏಳುತ್ತದೆ.

ಚಿಗವ್ವ ಗಂಡ ಸತ್ತವಳು, ಉಡಿ ತುಂಬುವಂತಿಲ್ಲ. ಮುತ್ತೈದೆಯೇ ಆಗಬೇಕು. ಅಪ್ಪ ಇದ್ದವರಲ್ಲಿ ಹಿರಿಯಳು ಎಂದು ಸಖೂಬಾಯಿಯ ಮುಂದೆ ತಾಟು ಹಿಡಿದ. "ಯವ್ವಾ, ನೀ ತುಂಬು."

ಸಖೂಬಾಯಿ ತಾಟು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಎರಡೂ ಅಂಗೈ ಎತ್ತಿ ತೋರಿಸಿದಳು.

"ಕೈ ಅಂಟ ಆಗ್ಯಾವ್ರಿ ಯಪ್ಪಾ. ಮಣೂಕದ ಕೈ. ಉಡಿ ತುಂಬಾಕ ಬರಂಗಿಲ್ಲ."

"ತೊಳಕೊಂಡ ಬಾರವ್ವಾ. ನಳಾ ಅಲ್ಲೇ ಐತಲ್ಲ."

"ತೊಳದ್ರ ಮತ್ತ ಅಂಟ ಆಗ್ತಾವ್ರಿ. ಕೆಲಸ ಭಾಳ ಐತಿ." ಹೀಗೆ ಹೇಳಿ ತಲೆ ಬಗ್ಗಿಸಿ ತೊಟ್ಟು ಬಿಡಿಸತೊಡಗಿದಳು.

ಅಪ್ಪ ತಾಟನ್ನು ಕಾವ್ಯಾಳ ಕಡೆ ತಿರುಗಿಸಿದ. ಮದುವೆಯಾಗಿ ಆರು ತಿಂಗಳಾಗದ ಹುಡುಗಿ, ಹಿರಿಯರಿಗೆ ಎದುರಾಡಿದವಳಲ್ಲ. ಅವಳು ಸುಮ್ಮನೆ ಅಂಗೈ ಎತ್ತಿದಳು. "ನನ್ನವೂ ಅಂಟ್ರಿ." ಅವಳ ಪಕ್ಕದವಳು ಕೇಳುವ ಮೊದಲೇ ಎತ್ತಿದಳು. ಅದರಾಚೆಯವಳೂ. ತಾಟು ಹಿಡಿದ ಅಪ್ಪ ಸಾಲಿನ ಕೊನೆಯವರೆಗೆ ಹೋದ, ಪ್ರಸಾದ ಹಂಚುವವನ ಹಾಗೆ. ಯಾರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಗುಲಶನ.

"ನಾ ತುಂಬಿದ್ರ ನಡೀತೈತೇನ್ರಿ ಕಾಕಾ?" ಎಂದಳು. ಅಪ್ಪ ತಡವರಿಸಿದ. "ನಡದ್ರೂ ಅಷ್ಟ ಬಿಡ್ರಿ, ನನ್ನ ಕೈನೂ ಅಂಟ ಅದಾವ."

ಸಿದ್ದರಾಮನ ನಗು ಸಣ್ಣದಾಯಿತು. "ಉಡಿ-ಗಿಡಿ ಯಾಕ ಬೇಕ್ರಿ ಮಾಮಾ. ಸ್ನೇಹಲ, ನಡಿ. ಕಾರಿನ್ಯಾಗ ಕೂಡು." ಬೂಟುಗಾಲಲ್ಲೇ ತಾಡಪತ್ರಿಯ ಮೇಲೆ, ಆರಿಸಿಟ್ಟ ಮಣೂಕವನ್ನು ತುಳಿಯುತ್ತ ಬಂದ. ಧ್ವನಿ ಮೆತ್ತಗಾಯಿತು. "ಇಷ್ಟ ಮಂದಿ ಮುಂದ ನನ್ನ ಮರ್ಯಾದಿ ತಗೀಬ್ಯಾಡ."

ಧೈರ್ಯ ಬಂತು ಎಂದು ಬರೆಯಲು ಆಸೆ. ಬರಲಿಲ್ಲ. ಮಾತು ಬಾರದ್ದಕ್ಕೆ ಉಳಿದವರು ಮಾಡಿದ್ದನ್ನೇ ನಾನೂ ಮಾಡಿದೆ. ಎರಡೂ ಅಂಗೈ ಎತ್ತಿ ತೋರಿಸಿದೆ. "ನನ್ನ ಕೈನೂ ಅಂಟ ಆಗ್ಯಾವು."

ಬಲಗೈ ಬಿಚ್ಚಿಕೊಂಡಿತು. ಎಡಗೈಯ ಎರಡು ಬೆರಳು ಬಿಚ್ಚಿಕೊಳ್ಳಲಿಲ್ಲ. ಅಪ್ಪ ಅದನ್ನು ನೋಡಿದ.

"ಅದೇನ ಆಗೇತಿ ಬೆರಳಿಗೆ?"

"ಬಾಗಲಾ ಸಂದ್ಯಾಗ ಇಡಸಿ ಒತ್ತಿದ" ಎಂದೆ. "ಮೆಲ್ಲಕ ಒತ್ತಿದ."

"ಆಕಸ್ಮಿಕ ಆತ್ರಿ ಮಾಮಾ. ಆಕೀನ ಕೈ ಇಟ್ಟಿದ್ಲು."

ಅಪ್ಪ ಭಾಂಡೆಯವನು, ಯಾವ ಪಾತ್ರೆಯನ್ನೂ ಸದ್ದಾಗುವಂತೆ ಇಟ್ಟವನಲ್ಲ. ತಾಟನ್ನು ಕೈಬಿಟ್ಟ. ಅಕ್ಕಿ ಮಣೂಕದ ಮೇಲೆಲ್ಲ ಚೆಲ್ಲಿತು. "ನೀವು ಹೋಗ್ರಿ ಇನ್ನ" ಎಂದ ಸಿದ್ದರಾಮನಿಗೆ. ಅವನು ಏನೋ ಹೇಳಲು ಬಾಯಿ ತೆರೆದ. ಸಖೂಬಾಯಿ, "ಬೂಟ ತಗೀರಿ ಯಪ್ಪಾ, ತಿನ್ನೂ ಸಾಮಾನೈತಿ" ಎಂದಳು. ಎಂಟೂ ಹೆಂಗಸರು ಎದ್ದು ನಿಂತಿದ್ದರು.

ಹೋಗುವಾಗ ನನ್ನ ಪಕ್ಕ ಹಾದು, ನನಗೊಬ್ಬಳಿಗೇ ಕೇಳುವಂತೆ ಹೇಳಿದ. "ಎಲ್ಲಿ ಅದೀ ಅಂತ ಗೊತ್ತಾತಲ್ಲ. ಬರ್ತೇನಿ."

ಕಾರು ಹೋಯಿತು. ಅಪ್ಪ ಕ್ರೇಟಿನ ಮೇಲೆ ಕುಕ್ಕರಿಸಿ ಅಳತೊಡಗಿದ. ನನಗೆ ಅಳು ಬರಲಿಲ್ಲ. ಸಂಜೆಯವರೆಗೆ ನಾವೆಲ್ಲ ಮಣೂಕದಿಂದ ಅಕ್ಕಿ ಆರಿಸಿದೆವು.

ಏಪ್ರಿಲ್ ೪, ಶುಕ್ರವಾರ

ಅಪ್ಪನ ಜೊತೆ ವಿಜಯಪುರಕ್ಕೆ ಹೋಗಿ ಪೊಲೀಸರಿಗೆ ದೂರು ಕೊಟ್ಟೆ. ಆಸ್ಪತ್ರೆಯಲ್ಲಿ ಬೆರಳಿನ ಎಕ್ಸ್‌ರೇ ತೆಗೆದರು. ಒಂದು ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿದೆಯಂತೆ. ಸ್ಕಾರ್ಫ್ ಮನೆಯಲ್ಲೇ ಮರೆತು ಹೋಗಿದ್ದೆ, ಮೋರೆಯೆಲ್ಲ ಬಿಸಿಲಿಗೆ ಕರ್ರಗಾಗಿದೆ.

ಬರುವಾಗ ಗುಲಶನಳಿಗೆ ಬಳೆ ತಂದೆ.

ಏಪ್ರಿಲ್ ೯, ಬುಧವಾರ

ಹೆದರಿಕೆ ಹೋಗಿಲ್ಲ. ಹೋಗುತ್ತದೆ ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಮೋಟಾರ್ ಸೈಕಲ್ ಬಂದರೆ ಇವತ್ತಿಗೂ ಕೈಯ ಕೆಲಸ ಬಿಟ್ಟು ಸದ್ದಿಗೆ ಕಿವಿ ಇಡುತ್ತೇನೆ. ಅವನು ಬರುತ್ತೇನೆ ಎಂದಿದ್ದಾನೆ, ಬರುವವನೇ. ಪೊಲೀಸರು ಕರೆಸಿ ಎಚ್ಚರಿಕೆ ಕೊಟ್ಟಿದ್ದಾರೆ. ಆದರೆ ಅವನ ಬಾಯಿ ಎಷ್ಟು ಮೆತ್ತಗೆ ಎಂದು ಅವರಿಗೆ ಗೊತ್ತಿಲ್ಲ.

ಗಿಡ್ಡಿಯ ಪ್ರಬಂಧ ಮುಗಿಯಿತು. ಬಾಲ ಖರೇ ಎಂದು ಮೇಡಂ ಒಪ್ಪಿದರು. ಬುಡದಲ್ಲಿ ಅನಿಲ ವಾಪಸಾಗುತ್ತಿದೆ ಎನ್ನುವುದಕ್ಕೆ ಮಾತ್ರ ಪುರಾವೆ ಸಾಲದು, ಮುಂದೆ ನೋಡೋಣ ಎಂದು ಆ ಸಾಲು ಹೊಡೆದು ಹಾಕಿದರು. ಸರಿಯೇ.

ಮಧ್ಯಾಹ್ನ ಫೋನ್ ಮಾಡಿದ್ದರು.

"ಸ್ನೇಹಲ, ನಿನ್ನ ಹೆಸರಿನ ಕೆಳಗ ಸಂಸ್ಥೆ ವಿಳಾಸ ಅಷ್ಟ ಸಾಕು. ಇದೇನ ಇನ್ನೊಂದ ಬರದೀ? ಇದು ಅಚ್ಚಾಗ್ತೈತಿ. ಜಗತ್ತಿನ್ಯಾಗ ಯಾರ ಬೇಕಾದ್ರೂ ಓದ್ತಾರ. ನಿನಗ ಈಗ ಇದು ಬೇಕೇನು?"

"ಇರಲಿ ಬಿಡ್ರಿ ಮೇಡಂ. ಅವನೊಬ್ಬಗ ಗೊತ್ತಿರೂದಕ್ಕಿಂತ ಎಲ್ಲಾರಿಗೂ ಗೊತ್ತಿರೂದು ಚಲೋ."

ನಾನು ಬರೆದದ್ದು ಇಷ್ಟು: ಸ್ನೇಹಲ, ಗುರುಬಸವ್ವನ ಒಣದ್ರಾಕ್ಷಿ ಶೆಡ್, ಹೊನವಾಡ ರಸ್ತೆ, ತಿಕೋಟಾ, ವಿಜಯಪುರ ಜಿಲ್ಲೆ.